ಎತ್ತಿನ ಹಲ್ಲು ನೋಡುವವರು ಕಾರಿನ ಬ್ರೇಕು ನೋಡಬಾರದೇ?



ಜಾತ್ರೆಗೆ ಎತ್ತು ಕೊಳ್ಳಲು ಹೋದ ನಮ್ಮ ಹಿರಿಯರು ಸುಮ್ಮನೆ ಹಣ ಎಣಿಸಿ ಕೊಟ್ಟು ಬಂದವರಲ್ಲ. ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಯಾಗಲಿ, ಮುಡುಕುತೊರೆಯ ದನಗಳ ಜಾತ್ರೆಯಾಗಲಿ, ಮೊದಲು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ತಿಳಿದ ಮೇಲೆ ಸುಳಿ ನೋಡುವರು, ಗೊರಸು ತಟ್ಟುವರು, ಹತ್ತು ಹೆಜ್ಜೆ ನಡೆಸಿ ಕುಂಟುಂಟೇ ಎಂದು ಪರೀಕ್ಷಿಸುವರು, ನೊಗಕ್ಕೆ ಕಟ್ಟಿ ಎಳೆಸುವರು. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದು ಇದೆಲ್ಲ ಮುಗಿದ ಮೇಲೆ. ಕೊಂಬಿಗೆ ಬಳಿದ ಬಣ್ಣ ನೋಡಿ ಎತ್ತು ಕೊಂಡವನನ್ನು ಕಂಡು ಊರೆಲ್ಲ ನಗುತ್ತಿತ್ತು.

ಅದೇ ಹಿರಿಯರ ಮಕ್ಕಳಾದ ನಾವು ಇಂದು ಎರಡು ಮೂರು ಲಕ್ಷ ರೂಪಾಯಿ ಕೊಟ್ಟು ಹಳೆಯ ಕಾರು ಕೊಳ್ಳುವಾಗ ನೋಡುವುದಾದರೂ ಏನನ್ನು? ಬಣ್ಣ ಮಿರಿಮಿರಿ ಮಿಂಚುತ್ತಿದೆಯೇ, ಸೀಟಿನ ಹೊದಿಕೆ ಹೊಸದೇ, ಹಾಡಿನ ಪೆಟ್ಟಿಗೆ ಜೋರಾಗಿ ಹಾಡುತ್ತದೆಯೇ, ಇಷ್ಟೇ. ಕೊಂಬಿನ ಬಣ್ಣಕ್ಕೆ ಮರುಳಾಗುವುದೆಂದರೆ ಇದೇ ಅಲ್ಲವೇ? ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ನಮಗೆ ಬಾಯಿಪಾಠ. ಕಾರಿನ ಮುಂದೆ ನಿಂತಾಗ ಮಾತ್ರ ಅದು ಮರೆತುಹೋಗುತ್ತದೆ.

ಹಳೆಯ ಕಾರು ಕೊಳ್ಳಬೇಡಿರೆಂದು ನಾನು ಹೇಳುವುದಿಲ್ಲ. ಹೊಸ ಕಾರಿನ ಬೆಲೆ ನಾಲ್ಕೈದು ಎಕರೆ ಬೇಸಾಯದವನ ಕೈಗೆ ಎಟುಕುವಂಥದಲ್ಲ. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ, ಹೊತ್ತು ಮೀರಿ ಬಸ್ಸು ತಪ್ಪಿದಾಗ ಮನೆಯಲ್ಲಿ ಒಂದು ಕಾರಿದ್ದರೆ ಆಗುವ ಉಪಕಾರ ಎಲ್ಲರಿಗೂ ಗೊತ್ತು. ನನ್ನ ಮಾತು ಇಷ್ಟೇ: ಹಳೆಯ ಕಾರಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ಅದನ್ನು ನಿಲ್ಲಿಸುವ ಮತ್ತು ತಿರುಗಿಸುವ ಭಾಗಗಳಿಗೆ ಸಲ್ಲಬೇಕು, ಎರಡನೆಯ ಪಾಲು ಓಡಿಸುವ ಭಾಗಗಳಿಗೆ, ಅಂದಚಂದಕ್ಕೆ ಏನಾದರೂ ಮಿಕ್ಕಿದರೆ ಮಾತ್ರ.

ದಿಂಬಂ ಘಟ್ಟದಲ್ಲಿ ಕಲಿತ ಪಾಠ

ಈ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷಗಳ ಹಿಂದೆ ಹನ್ನೊಂದು ವರ್ಷ ಓಡಿದ ಕಾರೊಂದನ್ನು ಕೊಂಡೆ. ಹೊಸದಾಗಿ ಬಣ್ಣ ಹೊಡೆಸಿದ್ದರು. ನಾನೂ ಸಂತೋಷದಿಂದ ಹೊಸ ಸೀಟು ಹೊದಿಕೆ ಹಾಕಿಸಿ, ಪೂಜೆ ಮಾಡಿಸಿ, ತಾಯಿಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬಣ್ಣಾರಿ ಅಮ್ಮನ ದರ್ಶನಕ್ಕೆ ಹೊರಟೆ. ತಾಳವಾಡಿ ಸೀಮೆಯವರು ಬಣ್ಣಾರಿಗೆ, ಸತ್ಯಮಂಗಲಕ್ಕೆ ಹೋಗಬೇಕಾದರೆ ಹಾಸನೂರಿನ ಕಾಡು ದಾಟಿ ದಿಂಬಂ ಘಟ್ಟ ಇಳಿಯಬೇಕು. ಅಲ್ಲಿ 27 ಕಡಿದಾದ ತಿರುವುಗಳಿವೆ ಎಂಬುದು ಆ ದಾರಿ ಬಲ್ಲವರಿಗೆಲ್ಲ ತಿಳಿದದ್ದೇ.

ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಬ್ರೇಕಿನ ಪೆಡಲು ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಒತ್ತಿದರೆ ಕಾಲು ಸೀದಾ ನೆಲಕ್ಕೆ ಹೋಯಿತು. ಎದುರಿಗೆ ಕಬ್ಬಿನ ಲಾರಿಯೊಂದು ಏರಿ ಬರುತ್ತಿತ್ತು. ದೇವರ ದಯೆಯಿಂದ ಗೇರು ಎರಡಕ್ಕೆ ಬಿತ್ತು. ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆಯುತ್ತ ಕಾರನ್ನು ಬೆಟ್ಟದ ಕಡೆಯ ಮಣ್ಣಿನ ದಿಣ್ಣೆಗೆ ಉಜ್ಜಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಹೊಸ ಬಣ್ಣ ಒಂದು ಮಗ್ಗುಲು ಪೂರ್ತಿ ಕೆರೆದುಹೋಗಿತ್ತು.

ಸತ್ಯಮಂಗಲದಿಂದ ಬಂದ ಮೆಕ್ಯಾನಿಕ್ಕು ಬ್ರೇಕಿನ ಎಣ್ಣೆಯ ಡಬ್ಬಿ ತೆರೆದು ತೋರಿಸಿ, "ಮೇಷ್ಟ್ರೇ, ಇದು ಎಣ್ಣೆಯಲ್ಲ, ಕಾಪಿ ಕಷಾಯ. ಸೀಟಿಗೆ ಎಷ್ಟು ಕೊಟ್ರಿ?" ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಸೀಟಿಗೆ ಕೊಟ್ಟ ಹಣದ ಒಂದು ಸಣ್ಣ ಪಾಲಿನಲ್ಲಿ ಆ ಎಣ್ಣೆ ಬದಲಾಗುತ್ತಿತ್ತು. ತಪ್ಪು ಮಾರಿದವನದೂ ಹೌದು. ನೋಡದೆ ಕೊಂಡ, ಮೇಲಿನ ಗೇರಿನಲ್ಲೇ ಬ್ರೇಕು ತುಳಿಯುತ್ತ ಘಟ್ಟ ಇಳಿದ ನನ್ನದೂ ಹೌದು.

ನಿಲ್ಲಿಸುವ ಭಾಗಗಳು

ಹಾಗಾದದ್ದು ಏಕೆಂದು ತಿಳಿಯುವುದು ಒಳ್ಳೆಯದು. ಬ್ರೇಕಿನ ಎಣ್ಣೆಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕು ತುಳಿದೇ ಇದ್ದರೆ ಆ ಕಾವು ಬರುವುದು ಕಷ್ಟವಲ್ಲ. ಎಣ್ಣೆ ಕುದಿದು ಕೊಳವೆಯಲ್ಲಿ ಆವಿ ತುಂಬಿತೆಂದರೆ ಪೆಡಲು ಆವಿಯನ್ನು ಅಮುಕುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಆದುದರಿಂದ ಹಳೆಯ ಕಾರು ಮನೆಗೆ ಬಂದ ವಾರದಲ್ಲೇ ಬ್ರೇಕಿನ ಎಣ್ಣೆ ಬದಲಾಯಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತ ಬರಬೇಕು.

ಕೊಳ್ಳುವ ಮುನ್ನ ಯಾರೂ ಮಾಡಬಹುದಾದ ಪರೀಕ್ಷೆ ಹೀಗಿದೆ. ಎಂಜಿನು ನಿಲ್ಲಿಸಿ ಬ್ರೇಕನ್ನು ನಾಲ್ಕೈದು ಸಲ ತುಳಿಯಿರಿ, ಪೆಡಲು ಗಟ್ಟಿಯಾಗುತ್ತದೆ. ಹಾಗೆಯೇ ತುಳಿದುಕೊಂಡು ಎಂಜಿನು ಚಾಲೂ ಮಾಡಿರಿ. ಪೆಡಲು ಸ್ವಲ್ಪ ಕೆಳಕ್ಕೆ ಇಳಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರು ಸರಿಯಿದೆ. ಬಳಿಕ ಒಂದು ನಿಮಿಷ ಒಂದೇ ಬಿಗಿಯಲ್ಲಿ ಒತ್ತಿ ಹಿಡಿಯಿರಿ. ಪೆಡಲು ಮೆಲ್ಲನೆ ಇಳಿಯುತ್ತಲೇ ಹೋದರೆ ಎಲ್ಲಿಯೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರು ಕೆಟ್ಟಿದೆ. ಬರಿದಾದ ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಾರದು. ಇಳಿಜಾರಿನಲ್ಲಿ ಕೈಬ್ರೇಕು ಒಂದೇ ಕಾರನ್ನು ಹಿಡಿದು ನಿಲ್ಲಿಸಬೇಕು.

ಇನ್ನೊಂದು ಅಭ್ಯಾಸವನ್ನು ಇಲ್ಲಿಯೇ ಖಂಡಿಸಬೇಕು. ಎಣ್ಣೆ ಉಳಿಸುತ್ತೇವೆಂದು ಇಳಿಜಾರಿನಲ್ಲಿ ಎಂಜಿನು ಆರಿಸಿ ಕಾರನ್ನು ಉರುಳಲು ಬಿಡುವವರಿದ್ದಾರೆ. ಎಂಜಿನು ನಿಂತರೆ ಬೂಸ್ಟರಿನ ಬಲ ಎರಡು ಮೂರು ತುಳಿತಕ್ಕೆ ತೀರುತ್ತದೆ. ಪವರ್ ಸ್ಟೀರಿಂಗು ಕಲ್ಲಿನಂತಾಗುತ್ತದೆ. ಬೀಗದ ಕೈ ಹೊರಗೆ ತೆಗೆದರಂತೂ ಸ್ಟೀರಿಂಗಿಗೇ ಬೀಗ ಬೀಳುತ್ತದೆ. ಒಂದು ಲೋಟ ಡೀಸೆಲ್ಲಿಗೆ ಒಂದು ಸಂಸಾರವನ್ನು ಪಣಕ್ಕಿಡುವ ಲೆಕ್ಕ ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಯಾವ ಗೇರಿನಲ್ಲಿ ಘಟ್ಟ ಏರುವಿರೋ ಅದೇ ಗೇರಿನಲ್ಲಿ ಇಳಿಯಿರಿ.

ಟೈರಿಗೂ ಹಲ್ಲುಂಟು

ಎತ್ತಿನ ವಯಸ್ಸು ಹಲ್ಲಿನಲ್ಲಿದ್ದರೆ ಟೈರಿನ ವಯಸ್ಸು ಅದರ ಮಗ್ಗುಲಲ್ಲಿ ಅಚ್ಚಾಗಿರುತ್ತದೆ. ಡಾಟ್ ಎಂಬ ಇಂಗ್ಲಿಷ್ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಅದು 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದ ಟೈರು ಎಂದರ್ಥ. ಸವೆತ ನೋಡಲು ಗೀರುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ. ರಬ್ಬರು ಆ ದಿಬ್ಬದ ಮಟ್ಟಕ್ಕೆ, ಅಂದರೆ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಸ್ಸು ಮುಗಿಯಿತು.

ಹಳ್ಳಿಯ ಕಾರುಗಳಲ್ಲಿ ಸವೆತಕ್ಕಿಂತ ವಯಸ್ಸಿನ ತೊಂದರೆಯೇ ಹೆಚ್ಚು. ವಾರಕ್ಕೊಮ್ಮೆ ಸಂತೆಗೆ ಹೋಗುವ ಕಾರಿನ ಟೈರಿನಲ್ಲಿ ಗೀರು ಚೆನ್ನಾಗಿಯೇ ಕಾಣುತ್ತದೆ. ಆದರೆ ಬಿಸಿಲಿನಲ್ಲಿ ನಿಂತು ನಿಂತು ರಬ್ಬರು ಗಡುಸಾಗಿ ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಸೊಲ್ಲಾಪುರ, ಆದವಾನಿಗಳ ಬಿಸಿಲಿನಲ್ಲಿ ಇದು ಇನ್ನೂ ಬೇಗ. ಕಾಸರಗೋಡಿನ ಬಂಧುಗಳಿಗೆ ಬೇರೆ ಶತ್ರು: ಕಡಲ ಗಾಳಿಗೂ ಮಳೆಗೂ ತಳದ ತಗಡು ತುಕ್ಕು ಹಿಡಿಯುತ್ತದೆ. ಅಲ್ಲಿಯವರು ಕಾರಿನ ಅಡಿಗೆ ಮಲಗಿ ನೋಡದೆ ಮುಂಗಡ ಕೊಡಬಾರದು. ಟೈರು ನೋಡುವಾಗ ಸ್ಟೆಪ್ನಿಯನ್ನೂ ನೋಡಲು ಮರೆಯಬೇಡಿರಿ.

ಟೈರು ಒಂದು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಅದು ಬೇರೊಂದು ರೋಗದ ಗುರುತು. ಹೊಲದ ದಾರಿಯಲ್ಲಿ ಕೋಸು, ಆಲೂಗಡ್ಡೆ ಚೀಲಗಳನ್ನು ಮಿತಿಮೀರಿ ಹೇರಿ ಓಡಿಸಿದ ಕಾರಿನಲ್ಲಿ ಚಕ್ರ ಹಿಡಿಯುವ ಕೀಲುಗಳೂ ರಬ್ಬರು ಬುಷ್ಷುಗಳೂ ಬೇಗ ಸಡಿಲವಾಗುತ್ತವೆ. ಜಾಕಿ ಕೊಟ್ಟು ಮುಂದಿನ ಚಕ್ರವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದರೆ ಈ ಸಡಿಲ ಕೈಗೆ ಸಿಕ್ಕುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮೆಲ್ಲನೆ ಓಡಿಸುವಾಗ ಟಕಟಕ ಸದ್ದು ಬಂದರೆ ಮುಂಚಕ್ರ ತಿರುಗಿಸುವ ಆಕ್ಸಲಿನ ಕೀಲು ಸವೆದಿದೆ. ಇಂಥ ಕಾರಿಗೆ ಬೆಲೆ ಇಳಿಸಿ ಕೊಂಡರೂ ಇಳಿಸಿದ ಹಣವನ್ನು ಅದಕ್ಕೇ ಹಾಕಬೇಕು.

ಎಂಜಿನು, ತಂತಿ, ಅನಿಲ

ಎಂಜಿನಿನ ವಿಷಯ ಎಲ್ಲರೂ ಸ್ವಲ್ಪ ಬಲ್ಲರು, ಚುಟುಕಾಗಿ ಹೇಳುತ್ತೇನೆ. ಎಂಜಿನು ತಣ್ಣಗಿರುವಾಗಲೇ ನೋಡಲು ಹೋಗಿರಿ. ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿರಿ. ಎಂಜಿನಿನ ಎಣ್ಣೆಯ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕೆನೆ ದಪ್ಪಗೆ ಕಟ್ಟಿದ್ದರೆ ನೀರು ಎಣ್ಣೆಗೆ ಬೆರೆಯುತ್ತಿರುವ ಶಂಕೆ ಇರಲಿ. ನೀಲಿ ಹೊಗೆ ಎಂಜಿನಿನ ಎಣ್ಣೆ ಸುಡುತ್ತಿರುವುದರ ಗುರುತು. ಕಪ್ಪು ಹೊಗೆ ಡೀಸೆಲ್ಲು ಪೂರ್ತಿ ಉರಿಯದ ಗುರುತು. ಏರಿನಲ್ಲಿ ಎಂಜಿನು ಕಿರುಚಿದರೂ ಕಾರು ಮುಂದಕ್ಕೆ ಹೋಗದಿದ್ದರೆ ಕ್ಲಚ್ಚು ಸವೆದಿದೆ. ಟೈಮಿಂಗ್ ಬೆಲ್ಟು ಇರುವ ಎಂಜಿನಾದರೆ ಅದನ್ನು ಯಾವಾಗ ಬದಲಾಯಿಸಿದರೆಂದು ಬರಹದಲ್ಲಿ ಕೇಳಿರಿ. ಅನೇಕ ಎಂಜಿನುಗಳಲ್ಲಿ ಅದು ಓಡುವಾಗ ತುಂಡಾದರೆ ವಾಲ್ವುಗಳು ಬಾಗಿ ಎಂಜಿನೇ ಬಿಚ್ಚಬೇಕಾಗುತ್ತದೆ. ಹಾಸನೂರಿನ ಕಾಡಿನಲ್ಲಿ ಸಂಜೆ ಹೊತ್ತು ಕಾರು ನಿಂತರೆ ಆನೆಯ ದಾರಿಯಲ್ಲಿ ಕುಳಿತಂತೆ ಎಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಕಿಲೋಮೀಟರಿನ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿರಿ, ಅದನ್ನು ತಿದ್ದುವವರಿದ್ದಾರೆ. ಮೀಟರು ಮೂವತ್ತು ಸಾವಿರ ಹೇಳುತ್ತಿದ್ದು, ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ರಬ್ಬರಿನ ಮಾತೇ ನಿಜ.

ಪೆಟ್ರೋಲಿಗೆ ಈಗ ಶೇಕಡ 20ರಷ್ಟು ಎಥನಾಲ್ ಬೆರೆಸುತ್ತಿದ್ದಾರೆ. ಕಬ್ಬು ಬೆಳೆಯುವ ನಮಗೆ ಇದು ಒಳ್ಳೆಯ ಸುದ್ದಿಯೇ. ಆದರೆ 2023ರ ಏಪ್ರಿಲ್‌ಗೆ ಮುಂಚಿನ ಅನೇಕ ಕಾರುಗಳ ರಬ್ಬರು ಕೊಳವೆ, ವಾಷರುಗಳನ್ನು ಈ ಬೆರಕೆಗೆಂದು ಮಾಡಿದ್ದಲ್ಲ. ಹಳೆಯ ಪೆಟ್ರೋಲು ಕಾರಿನಲ್ಲಿ ಆ ಕೊಳವೆಗಳನ್ನು ಆಗಾಗ ಮುಟ್ಟಿ, ಮೂಸಿ ನೋಡಬೇಕು.

ಹಳ್ಳಿಯ ಕಾರಿಗೆ ಇಲಿಯ ಕಾಟ ಬೇರೆ. ಜೋಳದ ಚೀಲದ ಪಕ್ಕದಲ್ಲೇ ಕಾರು ನಿಲ್ಲಿಸುತ್ತೇವೆ. ಇಲಿ ಜೋಳ ತಿಂದು ತಂತಿ ಕಡಿಯುತ್ತದೆ. ಅದರ ಮೇಲೆ ಹಿಂದಿನ ಒಡೆಯ ಫ್ಯೂಸಿಲ್ಲದೆ ಎಳೆದ ಹೆಚ್ಚುವರಿ ದೀಪದ ತಂತಿಯೂ ಸೇರಿದರೆ ಬೆಂಕಿಗೆ ದಾರಿಯಾಯಿತು. ಅಡಿಗೆಯ ಸಿಲಿಂಡರಿನಿಂದ ಓಡಿಸುವ ಕಾರನ್ನಂತೂ ಯಾವ ಬೆಲೆಗೂ ಕೊಳ್ಳಬೇಡಿರಿ; ಅದು ಕಾನೂನಿಗೂ ವಿರೋಧ, ಜೀವಕ್ಕೂ ವಿರೋಧ. ಸಿ.ಎನ್.ಜಿ. ಕಾರಾದರೆ ಅದರ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕು. ಅದರ ಪತ್ರ ಕೇಳಿರಿ.

ನೀರು ಕುಡಿದ ಕಾರು, ಚೂರು ಸಿಡಿಸುವ ಚೀಲ

2015ರ ಡಿಸೆಂಬರಿನಲ್ಲಿ ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈ ನಗರವೂ, 2018ರ ಆಗಸ್ಟಿನಲ್ಲಿ ಕೇರಳವೂ ನೆರೆಯಲ್ಲಿ ಮುಳುಗಿದವು. ಹಾಗೆ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ಒಣಗಿಸಿ, ಒರೆಸಿ, ದೂರದ ಊರುಗಳಲ್ಲಿ ಮಾರುವುದುಂಟು. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಮಣ್ಣಿನ ಕಲೆ ಸಿಕ್ಕಬಹುದು. ನೆಲದ ಹಾಸು ಎತ್ತಿದರೆ ಮುಗ್ಗುಲು ವಾಸನೆ, ಸೀಟಿನ ಕಂಬಿಯಲ್ಲಿ ತುಕ್ಕು, ದೀಪದ ಗಾಜಿನೊಳಗೆ ಮಂಜು ಕಾಣಬಹುದು. ಇಂಥ ಕಾರಿನ ವಿದ್ಯುತ್ ಭಾಗಗಳು ಯಾವಾಗ ಕೈಕೊಡುತ್ತವೆಂದು ಹೇಳಲು ಬರುವುದಿಲ್ಲ.

ಅಪಘಾತದಲ್ಲಿ ಉಬ್ಬಿ ಎದೆ ಕಾಯುವ ಗಾಳಿಚೀಲದ ವಿಷಯದಲ್ಲೂ ಎಚ್ಚರ ಬೇಕು. ಜಪಾನಿನ ತಕಾಟ ಕಂಪೆನಿ ಮಾಡಿದ ಕೆಲವು ಗಾಳಿಚೀಲಗಳಲ್ಲಿ ಚೀಲ ಉಬ್ಬಿಸುವ ಮದ್ದು ವರ್ಷಗಟ್ಟಲೆ ಬಿಸಿಲು ತೇವಗಳಿಗೆ ಸಿಕ್ಕಿ ಕೆಡುತ್ತದೆ. ಆಮೇಲೆ ಚೀಲ ಬಿಚ್ಚುವಾಗ ಅದರ ಲೋಹದ ಡಬ್ಬಿಯೇ ಒಡೆದು ಚೂರುಗಳು ಸಿಡಿಯುತ್ತವೆ. ಹೊರದೇಶಗಳಲ್ಲಿ ಇದರಿಂದ ಸಾವುಗಳಾಗಿವೆ. ನಮ್ಮ ದೇಶದಲ್ಲೂ ಹೋಂಡಾ, ಟೊಯೋಟಾ ಕಂಪೆನಿಗಳು ಅಂಥ ಕಾರುಗಳನ್ನು ಹಿಂದಕ್ಕೆ ಕರೆದು ಆ ಭಾಗವನ್ನು ಉಚಿತವಾಗಿ ಬದಲಾಯಿಸಿಕೊಟ್ಟವು. ಕರೆಪತ್ರ ಹೋಗುವುದು ದಾಖಲೆಯಲ್ಲಿರುವ ಒಡೆಯನ ಮನೆಗೆ. ಕಾರು ಮೂರು ಕೈ ದಾಟಿ ನಮ್ಮ ಹಳ್ಳಿಗೆ ಬಂದಿದ್ದರೆ ಆ ಪತ್ರ ನಮಗೆ ಮುಟ್ಟುವುದಿಲ್ಲ. ಚಾಸಿ ನಂಬರನ್ನು ಬರೆದುಕೊಂಡು ಆ ಕಂಪೆನಿಯ ಸೇವಾ ಕೇಂದ್ರದಲ್ಲಿ ವಿಚಾರಿಸಬೇಕು. ಅಲ್ಲದೆ ಚಾಲಕನ ಗಾಳಿಚೀಲ ಕಡ್ಡಾಯವಾದದ್ದು 2019ರ ಜುಲೈಯಿಂದ. ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ಅದೇ ವರ್ಷದ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿನಲ್ಲಿ ಇವೆರಡೂ ಇಲ್ಲದಿರಬಹುದು. ಆಗ ಸೀಟು ಬೆಲ್ಟೇ ನಮಗಿರುವ ಒಂದೇ ಕಾವಲು. ಹಿಂದೆ ಕುಳಿತವರಿಗೂ ಅದು ಬೇಕು.

ಗಡಿ ದಾಟಿದ ಕಾರಿನ ಕಾಗದ

1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲಿ ಉಳಿಯಿತು. ನಂಟು, ಸಂತೆ ಮಾತ್ರ ಹಿಂದಿನಂತೆಯೇ ಚಾಮರಾಜನಗರದ ಕಡೆಗೆ. ಆದುದರಿಂದ ನಮ್ಮ ಬೀದಿಗಳಲ್ಲಿ ಕೆ.ಎ. 10 ಎಂಬ ಅಂಕಿಯ ಹಳೆಯ ಕಾರುಗಳು ಬಹಳ. ಅವುಗಳಲ್ಲಿ ಎಷ್ಟೋ ಕಾರುಗಳ ಕಾಗದ ಇನ್ನೂ ಹಿಂದಿನ ಒಡೆಯನ ಹೆಸರಿನಲ್ಲೇ ಇದೆ. ಬೇರೆ ಗಡಿಗಳಲ್ಲಿಯೂ ಇದೇ ಕಥೆಯೆಂದು ಕೇಳಿದ್ದೇನೆ.

ಮಾವನ ಮಗನ ಕಾರು, ಕಾಗದ ಕೇಳಿದರೆ ಏನೆಂದುಕೊಂಡಾರು ಎಂಬ ಸಂಕೋಚವೇ ಇದರ ಮೂಲ. ಆದರೆ 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ: ಕಾರು ಯಾರ ಕೈಯಲ್ಲೇ ಇರಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಅಪಘಾತದ ಪರಿಹಾರಕ್ಕೂ ಅವನೇ ಹೊಣೆ. ಅಂದಮೇಲೆ ಹೆಸರು ಬದಲಾಯಿಸುವುದು ಕೊಂಡವನಿಗಿಂತ ಮಾರಿದ ನೆಂಟನಿಗೇ ಹೆಚ್ಚು ಕ್ಷೇಮ. ಹೀಗೆ ಹೇಳಿದರೆ ಯಾವ ಮಾವನೂ ಮುನಿಯಲಾರ.

ಬೇರೆ ರಾಜ್ಯದ ಕಾರಾದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28 ಮೊದಲು ಕೈಗೆ ಬರಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕೊಂಡವನು 30 ದಿನಗಳೊಳಗೆ ತನ್ನ ಊರಿನ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯ ಬದಲಾವಣೆಗೆ 14 ದಿನಗಳೊಳಗೆ ಬರೆಯಬೇಕು. ಇಲ್ಲಿಯ ರಸ್ತೆ ತೆರಿಗೆಯನ್ನು ಬೇರೆ ಕಟ್ಟಬೇಕಾಗುವುದರಿಂದ ಅದನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿರಿ. ಸಾಲದ ಹೊರೆ ತೀರಿದೆಯೇ ನೋಡಿರಿ. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಕಚೇರಿಯ ಅಧಿಕಾರ ಪತ್ರ ಪಡೆದಿರಬೇಕೆಂಬ ನಿಯಮವಿದೆ. ಅದನ್ನು ತೋರಿಸೆಂದು ಕೇಳಲು ಹಿಂಜರಿಯಬೇಡಿರಿ.

ಮಾಡಬೇಕಾದದ್ದು

ಇಷ್ಟನ್ನೆಲ್ಲ ಒಬ್ಬ ರೈತ ಒಂಟಿಯಾಗಿ ನೋಡಲಾದೀತೇ ಎಂದು ಕೇಳಬಹುದು. ಜಾತ್ರೆಗೆ ಹೋಗುವಾಗ ಎತ್ತು ಬಲ್ಲ ಹಿರಿಯನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಿದ್ದೆವಲ್ಲವೇ? ಹಾಗೆಯೇ ಮಾರುವವನಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ಕನ್ನು ಕೂಲಿ ಕೊಟ್ಟು ಕರೆದೊಯ್ಯಿರಿ. ಮಾರುವವನು ಅದಕ್ಕೆ ಒಪ್ಪದಿದ್ದರೆ ಕಾರು ನೋಡುವ ಶ್ರಮವೂ ಉಳಿಯಿತೆಂದು ತಿಳಿಯಿರಿ. ಕಾರಿಗೆಂದು ನೂರು ರೂಪಾಯಿ ಇದ್ದರೆ ಎಂಬತ್ತರ ಕಾರನ್ನೇ ಕೊಂಡು ಇಪ್ಪತ್ತನ್ನು ಮೊದಲ ತಿಂಗಳ ರಿಪೇರಿಗೆ ಮುಡಿಪಾಗಿಡಿರಿ. ನಮ್ಮ ಹಾಲಿನ ಸಂಘಗಳೂ ಬೇಸಾಯದ ಸಂಘಗಳೂ ದನಗಳಿಗೆ ಲಸಿಕೆ ಹಾಕಿಸಲು ದಿನ ಗೊತ್ತುಮಾಡುವಂತೆ, ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಂದು ದಿನ ಊರಿನ ಕಾರು, ಟೆಂಪೊಗಳ ಬ್ರೇಕು, ಟೈರು ನೋಡಿಸಲು ಗೊತ್ತುಮಾಡಬೇಕೆಂಬುದು ನನ್ನ ಸಲಹೆ. ಹತ್ತು ಮನೆ ಸೇರಿದರೆ ಮೆಕ್ಯಾನಿಕ್ಕಿನ ಕೂಲಿ ಯಾರಿಗೂ ಭಾರವಾಗದು.

ಕಳೆದ ವರ್ಷ ಏಳನೆಯ ತರಗತಿಯ ಮಕ್ಕಳಿಗೆ ಟೈರಿನ ನಾಲ್ಕು ಅಂಕಿ ಓದುವುದನ್ನು ಕಲಿಸಿ, ಮನೆಯ ಬಳಿ ನಿಂತ ಗಾಡಿಗಳನ್ನು ನೋಡಿ ಬರೆದು ತರಲು ಹೇಳಿದ್ದೆ. ಮರುದಿನ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ನಮ್ಮ ಕಾರಿನ ಹಿಂದಿನ ಟೈರೂ ನಾನೂ ಒಂದೇ ವರ್ಷ ಹುಟ್ಟಿದ್ದು" ಎಂದಳು. ತರಗತಿಯೆಲ್ಲ ನಕ್ಕಿತು. ಆ ವಾರ ಅವಳ ತಂದೆ ನಾಲ್ಕೂ ಟೈರು ಬದಲಾಯಿಸಿದರು. ಸೀಟಿನ ಹೊದಿಕೆ ಮಾತ್ರ ಈಗಲೂ ಹರಿದೇ ಇದೆ. ಅವರ ಕಾರಿನಲ್ಲಿ ಕುಳಿತು ಘಟ್ಟ ಇಳಿಯಲು ನನಗೆ ಯಾವ ಅಳುಕೂ ಇಲ್ಲ.